ಮಹಿಳಾ ಕಾಲೇಜಿಗೆ ಮೊದಲ ಬಸ್ಸು

ಲೋಕಾಪುರವು ದಾರಿಗಳು ಕೂಡುವ ಊರು. ಬಾಗಲಕೋಟೆಯ ಕಡೆಯಿಂದ ಬಂದ ರಸ್ತೆಯು ಇಲ್ಲಿಂದ ಮುಧೋಳ, ಯಾದವಾಡ, ರಾಮದುರ್ಗಗಳ ದಿಕ್ಕಿಗೆ ಕವಲೊಡೆಯುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರು, ಸಿಮೆಂಟಿನ ಲಾರಿ, ಸಂತೆಗೆ ಹೊರಟ ಟೆಂಪೋ, ಬೀಗರನ್ನು ತುಂಬಿಕೊಂಡ ಜೀಪು, ಎಲ್ಲವೂ ಈ ಕೂಡುದಾರಿಯಲ್ಲಿ ಒಂದು ಗಳಿಗೆ ತಡೆದೇ ಮುಂದಕ್ಕೆ ಸಾಗಬೇಕು. ಮುಂಜಾನೆಯ ಹೊತ್ತು ಇದೇ ಕೂಡುದಾರಿಯಲ್ಲಿ, ಒಂದು ಕೈಯಲ್ಲಿ ಪುಸ್ತಕದ ಚೀಲವನ್ನೂ ಇನ್ನೊಂದರಲ್ಲಿ ರೊಟ್ಟಿಯ ಬುತ್ತಿಯನ್ನೂ ಹಿಡಿದು, ಬಸ್ಸು ಬರುವ ದಿಕ್ಕಿಗೆ ಕಣ್ಣು ನೆಟ್ಟು ನಿಂತ ಹೆಣ್ಣುಮಕ್ಕಳ ಒಂದು ಗುಂಪು ಕಾಣಸಿಗುತ್ತದೆ. ಅವರಲ್ಲಿ ಕೆಲವರು ಸಮೀಪದ ಕಾಲೇಜುಗಳಿಗೆ ಹೋಗುವವರು. ಇನ್ನು ಕೆಲವರು ಅದಕ್ಕಿಂತ ಹೆಚ್ಚಿನ ದೂರವನ್ನು ಬೇಕೆಂದೇ ಕ್ರಮಿಸಿ ಬಾಗಲಕೋಟೆಯ ಮಹಿಳಾ ಕಾಲೇಜಿಗೆ ಹೋಗುವವರು.

ಬೇಕೆಂದೇ ಎಂದರೆ ಯಾರಿಗೆ ಬೇಕೆಂದು? ಈ ಪ್ರಶ್ನೆಯ ಉತ್ತರವು ಬಸ್ಸಿನ ನಿಲ್ದಾಣದಲ್ಲಿ ದೊರೆಯುವುದಿಲ್ಲ. ಮನೆಯ ಪಡಸಾಲೆಯಲ್ಲಿ ದೊರೆಯುತ್ತದೆ.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಠಿಣವಲ್ಲ. ಪಿ.ಯು.ಸಿ. ಫಲಿತಾಂಶ ಬಂದಿದೆ. ಮಗಳು ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ. ಪೇಢೆ ಹಂಚಿ ಆಗಿದೆ. ಆಮೇಲೆ ಎರಡು ದಿನ ಮನೆಯಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ಮೂರನೆಯ ದಿನ ಸೋದರಮಾವ ಊರಿನಿಂದ ಬರುತ್ತಾನೆ. ಇಂಥ ಸಂದರ್ಭಗಳಲ್ಲಿ ಸೋದರಮಾವಂದಿರು ಹೇಗೋ ಸಮಯಕ್ಕೆ ಸರಿಯಾಗಿ ಬಂದೇ ಬರುತ್ತಾರೆ. ಚಹ ಕುಡಿದಾದ ಮೇಲೆ ಅವನೇ ಮಾತು ತೆಗೆಯುತ್ತಾನೆ.

“ಮುಂದ ಏನ್ ಮಾಡೂದು ಅಂತೀರಿ, ಮಾಮಾ?”

“ನಾ ಏನ್ ಬ್ಯಾಡ ಅಂದೇನಿ? ಕಲೀಲಿ. ಆದ್ರ ಗಂಡುಹುಡುಗರ ಕೂಡ ಬ್ಯಾಡ. ಹೆಣ್ಮಕ್ಕಳ ಕಾಲೇಜ್ ಇದ್ರ ನೋಡೂಣು.”

“ಅದು ಬಾಗಲಕೋಟಿಗಿ ಆಗ್ತೈತಿ. ದಿನಾ ಹೋಗಿಬರೂದು...”

ಒಳಗಿನಿಂದ ಆಯಿಯ ದನಿ ಕೇಳಿಬರುತ್ತದೆ: “ದೂರ ಆದ್ರೂ ಚಿಂತಿಲ್ಲ. ಹೆಣ್ಮಕ್ಕಳೊಳಗ ಇದ್ರ ನನಗ ನಿದ್ದಿ ಬರ್ತೈತಿ.”

ಮಗಳು ಬಾಗಿಲ ಮರೆಯಲ್ಲಿ ನಿಂತು ಈ ಮಾತನ್ನೆಲ್ಲ ಕೇಳುತ್ತಿರುತ್ತಾಳೆ. ಅವಳ ಅಭಿಪ್ರಾಯವನ್ನು ಆ ಗಳಿಗೆಯವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೋ! ಯಾವ ಕಾಲೇಜಾದರೂ ಸರಿ, ಕಾಲೇಜು ಎಂಬುದೊಂದು ಆಗಬೇಕು. ಇಷ್ಟೇ ಅವಳ ಮನಸ್ಸಿನಲ್ಲಿದ್ದರೂ ಇರಬಹುದು.

ಬೆಂಗಳೂರಿನ ಜಯನಗರದಲ್ಲೋ ಮೈಸೂರಿನ ಸರಸ್ವತಿಪುರದಲ್ಲೋ ಕುಳಿತು ಇದನ್ನು ಓದುವ ಗೃಹಿಣಿಗೆ ಈ ಮಾತುಕತೆ ಹಳೆಯ ಕಾಲದ್ದೆಂದು ತೋರಬಹುದು. ಆಕೆಯ ಮಗಳಿಗೆ ಮಹಿಳಾ ಕಾಲೇಜು ಹತ್ತು ಆಯ್ಕೆಗಳಲ್ಲಿ ಒಂದು. ಬೇಡವೆಂದರೆ ಒಂಬತ್ತು ಉಳಿದಿರುತ್ತವೆ. ಲೋಕಾಪುರದ ಹುಡುಗಿಯ ಮುಂದೆ ಅನೇಕ ವೇಳೆ ಇರುವುದು ಎರಡೇ ದಾರಿ. ಒಂದು ಮಹಿಳಾ ಕಾಲೇಜು, ಇನ್ನೊಂದು ಲಗ್ನ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕಾನೂನು ಒಪ್ಪುವ ಹದಿನೆಂಟು ವರ್ಷ ತುಂಬುವುದೂ ಪಿ.ಯು.ಸಿ. ಮುಗಿಯುವುದೂ ಹೆಚ್ಚುಕಡಿಮೆ ಒಂದೇ ಬೇಸಿಗೆಯಲ್ಲಿ. ಅಂಕಪಟ್ಟಿಯೂ ಜಾತಕವೂ ಒಂದೇ ಕಪಾಟಿನಿಂದ ಹೊರಬೀಳುವ ಕಾಲ ಅದು. ಆ ಬೇಸಿಗೆಯಲ್ಲಿ ತಂದೆಯ ಬಾಯಿಂದ “ಹೆಣ್ಮಕ್ಕಳ ಕಾಲೇಜ್ ಇದ್ರ ನೋಡೂಣು” ಎಂಬ ಮಾತು ಬಂದರೆ, ಕೇಳುವವರಿಗೆ ಅದು ನಿರ್ಬಂಧದಂತೆ ತೋರಿದರೂ, ಆ ಮನೆಯ ಮಟ್ಟಿಗೆ ಅದೊಂದು ಅನುಮತಿಪತ್ರವೇ ಸರಿ.

ಅನುಮತಿಯ ಈ ಕಥೆ ಇಂದು ನಿನ್ನೆಯದಲ್ಲ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಇತಿಹಾಸವನ್ನು ತೆಗೆದು ನೋಡಿದರೆ, ಪಾಠದ ಕೋಣೆಯ ಪ್ರಶ್ನೆಗಿಂತ ದಾರಿಯ ಪ್ರಶ್ನೆಯೇ ಎಲ್ಲೆಡೆಯೂ ಮೊದಲು ಎದ್ದಿರುವುದು ಕಂಡುಬರುತ್ತದೆ. 1849ರಲ್ಲಿ ಕಲಕತ್ತೆಯಲ್ಲಿ ಬೆಥೂನ್ ಸಾಹೇಬರ ಹೆಣ್ಣುಮಕ್ಕಳ ಶಾಲೆ ಆರಂಭವಾದಾಗ ಹುಡುಗಿಯರನ್ನು ಕರೆತರಲು ಕುದುರೆಗಾಡಿಯ ಏರ್ಪಾಟು ಮಾಡಬೇಕಾಯಿತು. ಈಶ್ವರಚಂದ್ರ ವಿದ್ಯಾಸಾಗರರು ಆ ಗಾಡಿಯ ಪಕ್ಕದ ಮೇಲೆ, ಮಗಳಿಗೂ ಮಗನಂತೆಯೇ ವಿದ್ಯೆ ಕೊಡಿಸಬೇಕೆಂಬ ಅರ್ಥದ ಸಂಸ್ಕೃತ ವಾಕ್ಯವೊಂದನ್ನು ಬರೆಯಿಸಿದರು. ಬೀದಿಯಲ್ಲಿ ಗಾಡಿಯನ್ನು ನೋಡಿ ಮೂಗು ಮುರಿಯುವವರಿಗೆ ಶಾಸ್ತ್ರದ ಮಾತೇ ಉತ್ತರ ಕೊಡಲಿ ಎಂದು ಆ ಜಾಣ ಪಂಡಿತರ ಎಣಿಕೆ. ಆ ಶಾಲೆಯೇ 1879ರಲ್ಲಿ ಕಾಲೇಜಾಯಿತು. 1883ರಲ್ಲಿ ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಅವರು ಕಲಕತ್ತಾ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದರು. ಕಾದಂಬಿನಿ ಮುಂದೆ ವೈದ್ಯರಾದರು. ಚಂದ್ರಮುಖಿ ಅದೇ ಕಾಲೇಜಿನ ಮುಖ್ಯಸ್ಥೆಯಾದರು.

ಕನ್ನಡನಾಡಿನಲ್ಲಿ ಮೈಸೂರು ಮುಂದಾಯಿತು. 1881ರಲ್ಲಿ, ಮೈಸೂರು ಸಂಸ್ಥಾನವು ಒಡೆಯರ ಆಳ್ವಿಕೆಗೆ ಮರಳಿದ ಅದೇ ವರ್ಷ, ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದಲೂ ಅರಮನೆಯ ಆಶ್ರಯದಿಂದಲೂ ಹುಡುಗಿಯರ ಶಾಲೆಯೊಂದು ಹುಟ್ಟಿತು. ಮಹಾರಾಣಿಯವರ ಹೆಸರನ್ನು ಹೊತ್ತಿದ್ದುದೇ ಅದಕ್ಕೆ ದೊರೆತ ಅತಿ ದೊಡ್ಡ ರಕ್ಷೆ. ಅರಮನೆಯೇ ಒಪ್ಪಿದ ಮೇಲೆ ಅಗ್ರಹಾರದವರು ಬೇಡವೆನ್ನುವುದು ಹೇಗೆ? ಆ ಶಾಲೆ ಬೆಳೆದು ಮಹಾರಾಣಿ ಕಾಲೇಜಾಯಿತು. 1906ರಲ್ಲಿ ಶ್ರೀರಂಗಮ್ಮ ಮತ್ತು ರುಕ್ಮಿಣಿಯಮ್ಮ ಎಂಬ ಇಬ್ಬರು ಬಿ.ಎ. ಪದವೀಧರರಾದರು. ಮೈಸೂರು ವಿಶ್ವವಿದ್ಯಾಲಯವು ಆಗಿನ್ನೂ ಹುಟ್ಟಿರಲಿಲ್ಲ. ಅವರ ಪರೀಕ್ಷೆಯೆಲ್ಲ ಮದರಾಸು ವಿಶ್ವವಿದ್ಯಾಲಯದ್ದು. ಇಲ್ಲಿ ಒಂದು ಸಂಗತಿಯನ್ನು ನೆನೆಯದೆ ಮುಂದೆ ಹೋಗುವುದು ಸಲ್ಲದು. ಅಷ್ಟು ಪ್ರಖ್ಯಾತವಾದ ಕೇಂಬ್ರಿಜ್ಜಿನ ಗರ್ಟನ್ ಕಾಲೇಜು 1869ರಷ್ಟು ಹಿಂದೆಯೇ ಹೆಂಗಸರಿಗಾಗಿ ಸ್ಥಾಪಿತವಾಗಿದ್ದರೂ, ಅಲ್ಲಿ ಓದಿದ ಹೆಂಗಸರಿಗೆ ಗಂಡಸರಿಗೆ ಸಮನಾದ ಪೂರ್ಣ ಪದವಿ ದೊರೆತದ್ದು 1948ರಲ್ಲಿ. ಆಕ್ಸ್‌ಫರ್ಡಿನಲ್ಲಿ 1920ರಲ್ಲಿ. ಮೈಸೂರಿನ ಇಬ್ಬರು ಹೆಣ್ಣುಮಕ್ಕಳು ಪದವಿಪತ್ರವನ್ನು ಪಡೆದು ನಾಲ್ವತ್ತು ವರ್ಷಗಳು ಕಳೆದರೂ ಕೇಂಬ್ರಿಜ್ಜಿನ ಪಂಡಿತರು ಇನ್ನೂ ಯೋಚಿಸುತ್ತಲೇ ಇದ್ದರು.

ಮುಧೋಳ, ಜಮಖಂಡಿಗಳ ಕಡೆಯ ಮಾತು ಬೇರೆ. ಇವೆರಡೂ ಆಗ ಸಣ್ಣ ಸಂಸ್ಥಾನಗಳು. ಒಂದರಲ್ಲಿ ಘೋರ್ಪಡೆಯವರು, ಇನ್ನೊಂದರಲ್ಲಿ ಪಟವರ್ಧನರು. 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ, ಆ ಮೇಲೆ 1956ರವರೆಗೂ, ಓದು ಎಂದರೆ ಇಲ್ಲಿಯವರ ದೃಷ್ಟಿ ಪುಣೆ, ಸಾಂಗಲಿ, ಧಾರವಾಡಗಳ ಕಡೆಗೆ ಹರಿಯುತ್ತಿತ್ತು. ಪುಣೆಯ ಹೆಸರಾಂತ ಸರ್ ಪರಶುರಾಮಭಾವು ಕಾಲೇಜಿನ ಹೆಸರು ಜಮಖಂಡಿಯ ಅರಸರದು. ಆ ಕಾಲೇಜು ಆರಂಭವಾದ 1916ನೆಯ ಇಸವಿಯಲ್ಲಿಯೇ, ಅದೇ ಪುಣೆಯಲ್ಲಿ, ಧೋಂಡೊ ಕೇಶವ ಕರ್ವೆಯವರು ಭಾರತದ ಮೊದಲ ಮಹಿಳಾ ವಿದ್ಯಾಪೀಠವನ್ನು ಸ್ಥಾಪಿಸಿದರು. ಕರ್ವೆಯವರು ಹೇಳುವುದಕ್ಕಿಂತ ಮಾಡುವುದರಲ್ಲಿ ನಂಬಿಕೆಯಿದ್ದ ಮನುಷ್ಯ. ವಿಧವಾವಿವಾಹವನ್ನು ಕುರಿತು ಭಾಷಣ ಮಾಡುವುದರ ಬದಲು 1893ರಲ್ಲಿ ತಾವೇ ಒಬ್ಬ ವಿಧವೆಯನ್ನು ವಿವಾಹವಾದರು. ಮೂರು ವರ್ಷಗಳ ಬಳಿಕ ವಿಧವೆಯರಿಗಾಗಿ ಆಶ್ರಮ ಕಟ್ಟಿದರು. ಜಪಾನಿನ ಟೋಕಿಯೋದಲ್ಲಿದ್ದ ಮಹಿಳಾ ವಿಶ್ವವಿದ್ಯಾಲಯವನ್ನು ಕುರಿತ ಒಂದು ಕಿರುಹೊತ್ತಗೆ ಅವರ ಕೈಸೇರಿತು. ಅದರಿಂದ ಪ್ರೇರಣೆ ಪಡೆದು ಮಾತೃಭಾಷೆಯಲ್ಲಿಯೇ ಪಾಠ ಹೇಳುವ ಹೆಣ್ಣುಮಕ್ಕಳ ವಿದ್ಯಾಪೀಠವೊಂದರ ಕನಸು ಕಂಡರು. ಠಾಕರಸೀಯವರು ಹದಿನೈದು ಲಕ್ಷ ರೂಪಾಯಿಗಳ ಕೊಡುಗೆ ಕೊಟ್ಟು ಅದಕ್ಕೆ ತಮ್ಮ ತಾಯಿಯ ಹೆಸರಿಡಿಸಿದರು. ಅದೇ ಇಂದಿನ ಎಸ್.ಎನ್.ಡಿ.ಟಿ. ವಿಶ್ವವಿದ್ಯಾಲಯ.

ಜಮಖಂಡಿಯ ಅರಸರ ಹೆಸರು ಪುಣೆಯ ಕಾಲೇಜಿನ ಮೇಲೆ ಕುಳಿತಿತು. ಜಮಖಂಡಿ-ಮುಧೋಳ ಸೀಮೆಯ ಸಾಮಾನ್ಯ ಮನೆಯ ಹೆಣ್ಣುಮಗಳಿಗೆ ಮಾತ್ರ ಪುಣೆ ಚಂದ್ರಲೋಕದಷ್ಟೇ ದೂರ ಉಳಿಯಿತು. ಗಂಡುಮಕ್ಕಳು ಬುತ್ತಿ ಕಟ್ಟಿಕೊಂಡು, ವಾರಾನ್ನ ಉಂಡು, ಯಾರದೋ ಪಡಸಾಲೆಯಲ್ಲಿ ಮಲಗಿ ಓದಿ ಬಂದರು. ವಾರಾನ್ನದ ಈ ದಾರಿ ಹೆಣ್ಣಿಗೆ ಇರಲಿಲ್ಲ. ಬಡವರ ಮನೆಯ ಜಾಣ ಹುಡುಗ ಓದಿ ದೊಡ್ಡವನಾದ ಕಥೆಗಳು ಈ ನಾಡಿನಲ್ಲಿ ನೂರಿವೆ. ಅದೇ ಮನೆಯ ಜಾಣ ಹುಡುಗಿ ಓದಿ ದೊಡ್ಡವಳಾದ ಕಥೆಗಳು ಅಪರೂಪವಾಗಿರುವುದು ಬುದ್ಧಿಯ ಕೊರತೆಯಿಂದ ಅಲ್ಲ, ದಾರಿಯ ಕೊರತೆಯಿಂದ.

ಈ ಮಾತಿಗೆ ಮುಧೋಳದ ಮಣ್ಣಿನಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಕವಿಚಕ್ರವರ್ತಿ ರನ್ನನು ಮುಧೋಳದ ಕಡೆಯ ಬಳೆಗಾರರ ಮನೆಯ ಹುಡುಗ. ವಿದ್ಯೆಯ ಹಂಬಲದಿಂದ ಊರು ಬಿಟ್ಟು ದೂರದ ಶ್ರವಣಬೆಳಗೊಳದ ಕಡೆಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನೆಂದು ಬಲ್ಲವರು ಹೇಳುತ್ತಾರೆ. ಅವನು 993ರಲ್ಲಿ ಮುಗಿಸಿದ ಅಜಿತಪುರಾಣಕ್ಕೆ ಆಶ್ರಯ ಕೊಟ್ಟವಳು ಒಬ್ಬ ಹೆಣ್ಣುಮಗಳು, ದಾನಚಿಂತಾಮಣಿ ಅತ್ತಿಮಬ್ಬೆ. ಅಚ್ಚಿನ ಯಂತ್ರವೆಂಬುದನ್ನು ಯಾರೂ ಕಂಡಿರದ ಆ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಅವಳು. ಬಳೆಗಾರನ ಮಗನು ಓದಲು ಹೋಗಬಹುದಾಗಿತ್ತು, ಹೋದನು. ಅವನನ್ನು ಹೆಣ್ಣೊಬ್ಬಳು ಪೋಷಿಸಿದಳು. ಬಳೆಗಾರನಿಗೆ ಮಗಳಿದ್ದು, ಅವಳಿಗೂ ಅದೇ ಹಂಬಲ ಹುಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ.

ಮತ್ತೆ ಬಸ್ ನಿಲ್ದಾಣಕ್ಕೆ ಬರೋಣ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಿಂದ ವಿದ್ಯಾದಾನದ ಕಾರ್ಯದಲ್ಲಿ ತೊಡಗಿದೆ. ಮೈಸೂರಿನ ಇಬ್ಬರು ಬಿ.ಎ. ಪಾಸಾದ ವರ್ಷವೇ ಹುಟ್ಟಿದ ಸಂಸ್ಥೆ ಇದು. ಅದರ ಮಹಿಳಾ ಕಾಲೇಜಿಗೆ ಅಕ್ಕಮಹಾದೇವಿಯ ಹೆಸರು. 2003ರಲ್ಲಿ ವಿಜಾಪುರದಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾಲಯಕ್ಕೂ 2017ರಿಂದ ಅಕ್ಕಮಹಾದೇವಿಯ ಹೆಸರೇ. ಉತ್ತರ ಕರ್ನಾಟಕದ ಜಿಲ್ಲೆಗಳ ಮಹಿಳಾ ಕಾಲೇಜುಗಳು ಈ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದವು. ಅದಕ್ಕೆ ಮೊದಲು ಈ ಭಾಗದ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು.

ಈ ಹೆಸರನ್ನು ಕುರಿತು ಒಂದು ಗಳಿಗೆ ಯೋಚಿಸಿದರೆ ತುಟಿಯ ಮೇಲೆ ಸಣ್ಣ ನಗೆ ಮೂಡದೆ ಇರದು. ಅಕ್ಕಮಹಾದೇವಿಯೆಂದರೆ ಯಾರು? ಅರಸನ ಅರಮನೆಯನ್ನು ಧಿಕ್ಕರಿಸಿ, ಉಡುಗೆಯ ಹಂಗನ್ನೂ ತೊರೆದು, ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕಡೆಗೆ ಒಬ್ಬಳೇ ನಡೆದುಹೋದವಳು. ಅನುಭವಮಂಟಪದಲ್ಲಿ ಗಂಡಸರ ಪ್ರಶ್ನೆಗಳಿಗೆ ಎದುರು ನಿಂತು ಉತ್ತರ ಹೇಳಿದವಳು. ಮಗಳು ಒಬ್ಬಳೇ ಎಲ್ಲಿಗೂ ಹೋಗಬಾರದು, ಗಂಡಸರ ಮುಂದೆ ಹೆಚ್ಚು ಮಾತನಾಡಬಾರದು ಎಂಬ ಚಿಂತೆಯಿಂದಲೇ ತಂದೆಯು ಆರಿಸಿದ ಕಾಲೇಜಿನ ಹೆಬ್ಬಾಗಿಲಿನ ಮೇಲೆ ಅವಳ ಹೆಸರು ಬರೆದಿದೆ! ತಂದೆಯು ಆ ಫಲಕವನ್ನು ಭಕ್ತಿಯಿಂದ ಓದುತ್ತಾನೆ. ಮಗಳು ಅದನ್ನು ಮೂರು ವರ್ಷ ದಿನವೂ ಓದುತ್ತಾಳೆ. ಇಬ್ಬರೂ ಓದುವುದು ಒಂದೇ ಹೆಸರನ್ನು. ತಿಳಿಯುವುದೂ ಒಂದೇ ಅರ್ಥವನ್ನು ಎಂದು ಹೇಳಲಾಗದು.

ಆ ಹೆಬ್ಬಾಗಿಲಿನ ಒಳಗೆ ಏನು ನಡೆಯುತ್ತದೆ? ಮಹಿಳಾ ಕಾಲೇಜೆಂದರೆ ಸಾಮಾನ್ಯ ಕಾಲೇಜಿನಿಂದ ಗಂಡುಹುಡುಗರನ್ನು ಕಳೆದು ಉಳಿದದ್ದು ಎಂದು ಹೊರಗಿನವರು ತಿಳಿಯುತ್ತಾರೆ. ಈ ಲೆಕ್ಕ ತಪ್ಪು. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೂಡಿ ಓದುವ ಕಾಲೇಜುಗಳಲ್ಲಿ ಹಿಂದಿನ ತಲೆಮಾರಿನ ಹುಡುಗಿಯರು ಹೇಗೆ ಓದಿದರೆಂಬುದನ್ನು ಅಜ್ಜಿಯರ ವಯಸ್ಸಿನವರನ್ನು ಕೇಳಬೇಕು. ಗಂಟೆ ಬಾರಿಸುವವರೆಗೂ ‘ಲೇಡೀಸ್ ರೂಮಿ’ನಲ್ಲಿ ಕುಳಿತಿರುವುದು, ಅಧ್ಯಾಪಕರು ತರಗತಿಗೆ ಹೊರಟಾಗ ಅವರ ಬೆನ್ನ ಹಿಂದೆ ಸಾಲಾಗಿ ನಡೆಯುವುದು, ಮುಂದಿನ ಒಂದೇ ಬೆಂಚಿನಲ್ಲಿ ಒತ್ತಾಗಿ ಕುಳಿತು ತಲೆ ಎತ್ತದೆ ಬರೆದುಕೊಳ್ಳುವುದು, ಪಾಠ ಮುಗಿದೊಡನೆ ಮತ್ತೆ ಅವರ ಬೆನ್ನ ಹಿಂದೆಯೇ ಹೊರಬೀಳುವುದು. ಸಂದೇಹ ಬಂದರೆ ಎದ್ದು ಕೇಳುವುದುಂಟೇ? ಕೇಳಿದರೆ ಹಿಂದಿನ ಬೆಂಚಿನಿಂದ ಕೆಮ್ಮು ಕೇಳಿಸುತ್ತಿತ್ತು. ಪದವಿ ದೊರೆಯಿತು, ಪ್ರಶ್ನೆ ಕೇಳುವ ಬಾಯಿ ಮಾತ್ರ ಕಟ್ಟಿಯೇ ಉಳಿಯಿತು.

ಮಹಿಳಾ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತಿರುವವರೂ ಹುಡುಗಿಯರೇ. ಕೆಮ್ಮುವವರೂ ಅವರೇ, ತಂಟೆ ಮಾಡಿ ತರಗತಿಯಿಂದ ಹೊರಗೆ ನಿಲ್ಲುವವರೂ ಅವರೇ. ಇದೊಂದು ಸಣ್ಣ ಸ್ವಾತಂತ್ರ್ಯವೆಂದು ಯಾರೂ ನಗಬಾರದು. ಮೊದಲ ಸಾಲಿನ ಒಳ್ಳೆಯ ಹುಡುಗಿಯಾಗಿಯೇ ಇರಬೇಕೆಂಬ ನಿಯಮದಿಂದ ಬಿಡುಗಡೆ ದೊರೆತವಳಿಗೆ ಮಾತ್ರ ಅದರ ಬೆಲೆ ಗೊತ್ತು. ವಾರ್ಷಿಕ ಸಮ್ಮೇಳನ ಬಂದಿತೆಂದರೆ ಬೆಂಚುಗಳನ್ನು ಹೊತ್ತು ಹೊರಗಿಡುವವರು ಯಾರು? ಏಣಿ ಹತ್ತಿ ತೋರಣ ಕಟ್ಟುವವರು ಯಾರು? ಧ್ವನಿವರ್ಧಕದವನ ಕೂಡ ಬಾಡಿಗೆಗಾಗಿ ಚೌಕಾಶಿ ಮಾಡುವವರು ಯಾರು? “ಇದು ಹುಡುಗರ ಕೆಲಸ” ಎಂದು ಬಿಟ್ಟುಕೊಡಲು ಅಲ್ಲಿ ಹುಡುಗರೇ ಇಲ್ಲ. ಕಿತ್ತೂರ ಚನ್ನಮ್ಮನ ನಾಟಕವಾದರೆ ಚನ್ನಮ್ಮನ ಪಾತ್ರಕ್ಕೆ ಹತ್ತು ಜನ ಮುಂದೆ ಬರುತ್ತಾರೆ. ಸಂಗೊಳ್ಳಿ ರಾಯಣ್ಣನೂ ಬೇಕಲ್ಲ! ಯಾವಳೋ ಒಬ್ಬಳು ಅಪ್ಪನ ರುಮಾಲು ಸುತ್ತಿ, ಇದ್ದಿಲಿನ ಮೀಸೆ ಬರೆದುಕೊಂಡು, ಕತ್ತಿ ಹಿಡಿದು ರಂಗಕ್ಕೆ ಬರುತ್ತಾಳೆ. ಮನೆಯಲ್ಲಿ ಅತಿಥಿಗಳಿಗೆ ಚಹ ತಂದುಕೊಡುವಾಗಲೂ ತಲೆ ಎತ್ತದ ಹುಡುಗಿ ಅಲ್ಲಿ ಬ್ರಿಟಿಷರಿಗೆ ಸವಾಲು ಹಾಕಿ ಅಬ್ಬರಿಸುತ್ತಾಳೆ. ಸಭಾಂಗಣದ ಮೂಲೆಯಲ್ಲಿ ಕುಳಿತ ಅವಳ ತಾಯಿ “ಈಕಿ ನಮ್ಮಾಕೀನ ಏನು?” ಎಂದು ಪಕ್ಕದವಳನ್ನು ಕೇಳುತ್ತಾಳೆ.

ಇನ್ನು ಅಧ್ಯಾಪಕಿಯರು. ಪಾಠಕ್ಕಿಂತ ಹೆಚ್ಚಾಗಿ ಹುಡುಗಿಯರು ಅವರನ್ನೇ ಓದುತ್ತಾರೆ. ಅರ್ಥಶಾಸ್ತ್ರದ ಬಾಯಿಯವರು ಮದುವೆಯಾದ ಮೇಲೂ ನೌಕರಿ ಬಿಡಲಿಲ್ಲ. ಕನ್ನಡದ ಬಾಯಿಯವರು ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಾರೆ. ಇನ್ನೊಬ್ಬರು ಮದುವೆಯನ್ನೇ ಆಗದೆ ಸ್ವಂತ ಮನೆ ಕಟ್ಟಿಸಿದ್ದಾರೆ. ಮತ್ತೊಬ್ಬರು ಸ್ಕೂಟಿಯ ಮೇಲೆ ಬಂದು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಪಾಠ ಆರಂಭಿಸುತ್ತಾರೆ. ಹೀಗೆಯೂ ಬದುಕಬಹುದು ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಎಲ್ಲವೂ ಸೊಗಸೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರ. ಗೋಡೆಯೆಂಬುದು ಎರಡು ಕಡೆಯಿಂದಲೂ ಗೋಡೆಯೇ. ಹೆಣ್ಣುಮಕ್ಕಳ ಕಾಲೇಜೆಂದರೆ ಅದೊಂದು ಲಗ್ನದವರೆಗಿನ ತಂಗುದಾಣ, ಹೊಲಿಗೆ ಅಡಿಗೆಗಳನ್ನು ಕಲಿಸಿ ಬಿ.ಎ. ಎಂಬ ಎರಡಕ್ಷರ ಅಂಟಿಸಿ ಕಳುಹಿಸಿದರೆ ಸಾಕು ಎಂಬ ಭಾವನೆ ಹಲವೆಡೆ ಬಹುಕಾಲ ಇತ್ತು. ಪೂರ್ತಿಯಾಗಿ ಹೋಯಿತೆಂದು ಈಗಲೂ ಧೈರ್ಯವಾಗಿ ಹೇಳುವಂತಿಲ್ಲ. ಹೆಬ್ಬಾಗಿಲ ಬೀಗವನ್ನು ಕಾಯುವುದರಲ್ಲಿ ತೋರುವ ಶ್ರದ್ಧೆಯ ಕಾಲು ಪಾಲನ್ನು ಗ್ರಂಥಾಲಯದ ಬೀಗ ತೆರೆಯುವುದರಲ್ಲಿ ತೋರದಿದ್ದರೆ ಅಂಥ ಕಾಲೇಜಿನಿಂದ ಹೆಣ್ಣುಮಗಳಿಗೆ ದೊರೆಯುವುದು ನೆರಳು ಮಾತ್ರ, ಬೆಳಕಲ್ಲ. ಮುಂದೆ ಬ್ಯಾಂಕಿನ ಕಟ್ಟೆಯ ಹಿಂದೆಯೋ ತಹಶೀಲ್ದಾರರ ಕಚೇರಿಯಲ್ಲಿಯೋ ಗಂಡಸರ ನಡುವೆಯೇ ಕೆಲಸ ಮಾಡಬೇಕಾದವಳನ್ನು ಮೂರು ವರ್ಷ ಬೇರೆಯಾಗಿಟ್ಟು ಏನು ಸಾಧಿಸಿದಂತಾಯಿತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಪ್ರಶ್ನೆಯನ್ನು ಕೇಳುವವರ ಹೆಣ್ಣುಮಕ್ಕಳು ಸಾಮಾನ್ಯವಾಗಿ ಹೇಗಿದ್ದರೂ ಕಾಲೇಜಿಗೆ ಹೋಗುವವರು. ಲೋಕಾಪುರದ ಪಡಸಾಲೆಯಲ್ಲಿ ಬಾಗಿಲ ಮರೆಯಲ್ಲಿ ನಿಂತವಳಿಗೆ ಆಯ್ಕೆಯಿರುವುದು ಬೇರೆಯಾಗಿ ಓದುವುದು, ಕೂಡಿ ಓದುವುದು ಇವುಗಳ ನಡುವೆ ಅಲ್ಲ. ಓದುವುದು, ಓದದಿರುವುದು ಇವುಗಳ ನಡುವೆ.

ಆಯ್ಕೆ ಆದ ಮೇಲೂ ದಾರಿಯ ಕಷ್ಟ ಮುಗಿಯುವುದಿಲ್ಲ. ಲೋಕಾಪುರದಿಂದ ಬಾಗಲಕೋಟೆಗೆ ಸುಮಾರು ನಾಲ್ವತ್ತು ಕಿಲೋಮೀಟರು. ಹೋಗುವಾಗ ನಾಲ್ವತ್ತು, ಬರುವಾಗ ನಾಲ್ವತ್ತು. ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಎರಡೆರಡು ಗಾಡಿಗಳನ್ನು ಹಿಂದೆ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗಳ ಕಡೆಗೆ ತೆವಳುತ್ತವೆ. ಅವುಗಳ ಹಿಂದೆ ಬಸ್ಸೂ ತೆವಳುತ್ತದೆ. ಮೊದಲನೆಯ ಪಾಠ ತಪ್ಪುತ್ತದೆ. ಹಾಜರಿ ನೂರಕ್ಕೆ ಎಪ್ಪತ್ತೈದು ಇರಬೇಕೆಂಬ ನಿಯಮಕ್ಕೆ ಕಬ್ಬಿನ ಹಂಗಾಮಿನ ಪರಿಚಯವಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಮುಧೋಳ ತಾಲೂಕಿನ ಊರುಗಳಿಗೆ ನೀರು ನುಗ್ಗಿದಾಗ ದಾರಿಗಳೇ ಮುಳುಗಿದವು. ಸಂಜೆಯ ಬಸ್ಸು ಒಂದು ದಿನ ಕೆಟ್ಟು ನಿಂತರೆ ಮನೆಯಲ್ಲಿ ಕೋಲಾಹಲ. ಗಂಡುಮಗ ತಡವಾಗಿ ಬಂದರೆ “ಬಸ್ಸು ತಪ್ಪಿತೇನೋ” ಎನ್ನುವ ಮನೆಯೇ, ಮಗಳು ತಡವಾದರೆ ಹತ್ತು ಜನರಿಗೆ ಫೋನು ಮಾಡುತ್ತದೆ. ಇದು ಎರಡು ಮೂರು ಸಲ ಆಯಿತೆಂದರೆ, ಕಾಲೇಜು ಬಿಡಿಸುವ ಮಾತು ನೆರೆಮನೆಯಿಂದಾದರೂ ಕೇಳಿಬರುತ್ತದೆ.

ಹಣದ ಮಾತನ್ನೂ ಹೇಳಬೇಕು. ಶುಲ್ಕವನ್ನು ಹೇಗೋ ಹೊಂದಿಸುವ ತಂದೆ ದಿನದ ಬಸ್ಸಿನ ಖರ್ಚನ್ನು ಮಾತ್ರ ದಿನವೂ ಎಣಿಸುತ್ತಾನೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯು ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣವನ್ನು ಉಚಿತ ಮಾಡಿದಾಗ ಪಟ್ಟಣಗಳಲ್ಲಿ ಅದನ್ನು ಕುರಿತು ಬಿಸಿಯಾದ ಚರ್ಚೆಗಳು ನಡೆದವು. ಅಜ್ಜಿಯರು ಧರ್ಮಸ್ಥಳಕ್ಕೆ ಹೊರಟರು, ಬಸ್ಸಿನಲ್ಲಿ ಗಂಡಸರಿಗೆ ಸ್ಥಳವಿಲ್ಲದಾಯಿತು ಎಂದೆಲ್ಲ ಜನ ಆಡಿಕೊಂಡರು. ಲೋಕಾಪುರದಂಥ ಊರಿನಲ್ಲಿ ಅದರ ಪರಿಣಾಮವನ್ನು ಬೇರೆ ಬಗೆಯಲ್ಲಿ ಅಳೆಯಬೇಕು. ದೂರದ ಕಾಲೇಜು ಬೇಡವೆನ್ನಲು ಇದ್ದ ಮೂರು ಕಾರಣಗಳಲ್ಲಿ ಒಂದು, ಹೇಳಲು ಎಲ್ಲಕ್ಕಿಂತ ಸುಲಭವಾದ ಕಾರಣ, ಇಲ್ಲವಾಯಿತು. ಬಸ್ಸುಗಳು ಕಿಕ್ಕಿರಿದಿರುವುದು ನಿಜ. ಕಾಲಿಡಲೂ ಸ್ಥಳವಿಲ್ಲದೆ ಬಾಗಿಲಿಗೆ ಜೋತುಬಿದ್ದು ಬರುವ ಹುಡುಗಿಯರನ್ನು ಕಂಡು ಹೆದರಿಕೆಯಾಗುವುದೂ ನಿಜ. ಟಿಕೆಟ್ಟು ಉಚಿತವಾದರೆ ಸಾಲದು, ಬಸ್ಸೂ ಬೇಕು.

ಇವೆಲ್ಲಕ್ಕಿಂತ ದೊಡ್ಡ ಗಂಡಾಂತರ ಎರಡನೆಯ ವರ್ಷದಲ್ಲಿ ಕಾದಿರುತ್ತದೆ. ಮೊದಲನೆಯ ವರ್ಷ ತಂದೆ ಮಾತಿಗೆ ತಪ್ಪುವುದಿಲ್ಲ. ಎರಡನೆಯ ವರ್ಷ ತುಳಸಿ ಲಗ್ನ ಮುಗಿದು ಲಗ್ನಸರಾಯಿ ಆರಂಭವಾದೊಡನೆ ಹಿಂದಿನ ಸೋದರಮಾವನೇ ಮತ್ತೆ ಬರುತ್ತಾನೆ. ಹುಡುಗನಿಗೆ ನೌಕರಿಯಿದೆ, ಹೊಲವೂ ಇದೆ, ವರದಕ್ಷಿಣೆ ಕೇಳುವವರಲ್ಲ, ಲಗ್ನದ ನಂತರವೂ ಓದಿಸುತ್ತಾರಂತೆ. ಈ ‘ಅಂತೆ’ ಎಂಬ ಪ್ರತ್ಯಯವು ಕನ್ನಡ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಮಾಡಿರುವ ಹಾನಿಯನ್ನು ಯಾವ ವ್ಯಾಕರಣಕಾರನೂ ಲೆಕ್ಕ ಹಾಕಿಲ್ಲ. ಜನವರಿಯಲ್ಲಿ ತರಗತಿಯ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರುವುದಿಲ್ಲ. “ಲಗ್ನ ಆತ್ರಿ, ಬಾಯಾರ” ಎಂದು ಯಾರೋ ಹೇಳುತ್ತಾರೆ. ಅಧ್ಯಾಪಕಿ ಒಂದು ಗಳಿಗೆ ಸುಮ್ಮನಿದ್ದು ಮುಂದಿನ ಹೆಸರನ್ನು ಕರೆಯುತ್ತಾರೆ. ಕೆಲವರು ಮೈಮೇಲೆ ಹೊಸ ತಾಳಿ, ಕೈತುಂಬ ಹಸಿರು ಬಳೆ ಹಾಕಿಕೊಂಡು ಪರೀಕ್ಷೆಗೆ ಬಂದು ಕೂಡುವುದುಂಟು. ಮೂರನೆಯ ವರ್ಷ ಕೂಸನ್ನು ತವರಿನಲ್ಲಿ ಬಿಟ್ಟು ಬಂದು ಪರೀಕ್ಷೆ ಬರೆದು ಪಾಸಾದವರೂ ಇಲ್ಲದಿಲ್ಲ. ಅಂಥವರ ಗಟ್ಟಿತನಕ್ಕೆ ಯಾವ ಸುವರ್ಣಪದಕವೂ ಇಲ್ಲ.

ಮನೆಯಲ್ಲಿ ಮಗಳ ಪರ ನಿಲ್ಲುವವರು ಯಾರು? ಅನೇಕ ವೇಳೆ ತಾಯಿ. ಹತ್ತನೆಯ ಇಯತ್ತೆಯನ್ನೂ ಮುಟ್ಟದ ತಾಯಿ. ಕರ್ನಾಟಕದಲ್ಲಿ 1983ರ ಕಾನೂನು ಪಂಚಾಯಿತಿಗಳಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರು ಆರಿಸಿ ಬಂದರು. 2010ರಲ್ಲಿ ಆ ಪಾಲು ಅರ್ಧಕ್ಕೆ ಏರಿತು. ಹಾಗೆ ಕುರ್ಚಿಯೇರಿದ ಅದೆಷ್ಟೋ ತಾಯಂದಿರು ಠರಾವಿನ ಕಾಗದವನ್ನು ಓದಲು ಬಾರದೆ, ಗಂಡನೋ ಕಾರ್ಯದರ್ಶಿಯೋ ತೋರಿಸಿದಲ್ಲಿ ಸಹಿ ಹಾಕಿ ಬಂದರು. ಓದು ಬಾರದ ಸಹಿ ಎಷ್ಟು ಭಾರವೆಂಬುದು ಸಹಿ ಹಾಕಿದವಳಿಗೇ ಗೊತ್ತು. ಅಂಥವಳು ಮಗಳ ವಿಷಯದಲ್ಲಿ ಸುಮ್ಮನಿರಲಾರಳು. ಗಂಡನ ಎದುರಿಗೆ, ತಮ್ಮನ ಎದುರಿಗೆ ಅವಳು ಹೆಚ್ಚು ಮಾತನಾಡುವುದಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುತ್ತಾಳೆ, ಅಷ್ಟೇ.

ಆ ರೊಟ್ಟಿ ಬಡಿಯುವ ಸಪ್ಪಳವೇ ಮಗಳಿಗೆ ಗಡಿಯಾರ. ನಾಲ್ಕು ಜೋಳದ ರೊಟ್ಟಿ, ಒಂದಿಷ್ಟು ಝುಣಕ, ಶೇಂಗಾ ಹಿಂಡಿ, ಮೊಸರಿನ ಸಣ್ಣ ಡಬ್ಬಿ. ಎರಡು ರೊಟ್ಟಿ ಸಾಕೆಂದು ಮಗಳೆಂದರೆ, “ಗೆಳತ್ಯಾರು ಇರೂದಿಲ್ಲೇನ?” ಎಂದು ತಾಯಿ. ತಂದೆ ಅಂಗಡಿಯ ಬೀಗದ ಕೈ ಹುಡುಕುವ ನೆವದಲ್ಲಿ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಕಾಲೇಜು ಆರಂಭವಾದ ಮೊದಲ ವಾರ ಅವನು ಬಸ್ಸಿನವರೆಗೆ ಬಂದು, ಕಂಡಕ್ಟರನಿಗೆ ಎರಡು ಸಲ ಹೇಳಿ, ಬಸ್ಸು ಮರೆಯಾಗುವವರೆಗೆ ನಿಂತಿದ್ದನು. ಎರಡನೆಯ ವಾರ ಓಣಿಯ ತಿರುವಿನವರೆಗೆ. ಈಗ ಅಂಗಳದವರೆಗೆ.

“ಅಪ್ಪಾ, ಇವತ್ತ ಸಂಜಿಗಿ ತಡಾ ಆಗ್ತೈತಿ. ನಾಟಕದ ತಾಲೀಮು ಐತಿ.”

“ಎಷ್ಟೊತ್ತು?”

“ಆರರ ಬಸ್ಸಿಗಿ ಬರ್ತೀನಿ.”

ತಂದೆ ಏನೋ ಹೇಳಲು ಬಾಯಿ ತೆರೆಯುತ್ತಾನೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ.

“ನನ್ನ ರುಮಾಲು ಒಯ್ದೀಯಂತಲ್ಲ,” ಎನ್ನುತ್ತಾನೆ ಅವನು. “ತಿರುಗಿ ತರೂದು ಮರೀಬ್ಯಾಡ.”

ರಸ್ತೆಯ ಕಡೆಯಿಂದ ಹಾರನ್ನಿನ ಸದ್ದು ಕೇಳಿಬರುತ್ತದೆ. ಮಗಳು ಬುತ್ತಿಯನ್ನು ಎತ್ತಿಕೊಂಡು ಓಡುತ್ತಾಳೆ.